ಹಬ್ಬಕ್ಕೆ ಬಾರದ ಮಗ ಮನೆ ಮರೆತಿದ್ದಾನೆಯೇ? ಕಣ್ಣೀರು ತರಿಸುವ ಫಾರ್ವರ್ಡ್ ಹೇಳದ ಸಂಗತಿಗಳು

ಈ ಕಥೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಉಗಾದಿಗೆ ಹೋಳಿಗೆ ಮಾಡಿಟ್ಟು ಬಾಗಿಲಲ್ಲೇ ಕಾದು ಕೂತ ತಾಯಿ. ಅಮೆರಿಕದಲ್ಲಿ ಕೂತು ‘ಬಿಡುವಿಲ್ಲಮ್ಮ’ ಎಂದು ಫೋನ್ ಇಟ್ಟ ಮಗ. ಬೆಳಗಾಗುವಷ್ಟರಲ್ಲಿ ತಾಯಿ ಇಲ್ಲ, ತಟ್ಟೆಯಲ್ಲಿ ಹೋಳಿಗೆ ಹಾಗೇ ಇದೆ. ಕೊನೆಯಲ್ಲಿ ‘ಕಣ್ಣು ಒದ್ದೆಯಾದರೆ ಹತ್ತು ಜನಕ್ಕೆ ಕಳಿಸಿ’ ಎಂಬ ಸಾಲು.

ಕಳೆದ ಉಗಾದಿಯ ಹಿಂದಿನ ದಿನ ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಇದು ಬಂತು. ಕಳಿಸಿದವರು ಮಂಡ್ಯದ ನಮ್ಮ ದೊಡ್ಡಮ್ಮ. ಹನ್ನೊಂದು ಜನ ಕೈ ಮುಗಿಯುವ ಎಮೋಜಿ ಹಾಕಿದೆವು, ನಾನೂ ಹಾಕಿದೆ. ದೊಡ್ಡಮ್ಮನ ಮಗ ದುಬೈನಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದಾನೆ, ಆ ಗುಂಪಿನಲ್ಲೂ ಇದ್ದಾನೆ ಎಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಹಬ್ಬದ ದಿನ ಅಣ್ಣ ಫೋನ್ ಎತ್ತಲಿಲ್ಲ. ರಾತ್ರಿ ನನಗೊಬ್ಬಳಿಗೆ ಒಂದು ವಾಯ್ಸ್ ಮೆಸೇಜ್ ಬಂತು: ‘ಅವ್ವ ಒಬ್ಳೇ ಕಳ್ಸಿದ್ರೆ ಸುಮ್ನಿರ್ತಿದ್ದೆ ಕಣವ್ವ. ನೀವೆಲ್ಲ ಕೈ ಮುಗ್ದಿದ್ದೀರಲ್ಲ.’

ದೊಡ್ಡಮ್ಮನನ್ನು ಕೇಳಿದರೆ, ‘ಚೆನ್ನಾಗಿತ್ತು ಅಂತ ಕಳಿಸ್ದೆ, ಅವನಿಗೇ ಅಂತ ಅಲ್ಲ’ ಎಂದರು. ಅದೂ ನಿಜವೇ.

ಈ ಕಥೆಯಲ್ಲಿ ತಾಯಿಯ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ದೀಪಾವಳಿಗೆ ಹೋಳಿಗೆ ಹೋಗಿ ಕಜ್ಜಾಯ ಬರುತ್ತದೆ, ಅಮೆರಿಕ ಕೆನಡಾ ಆಗುತ್ತದೆ. ನಡೆದದ್ದು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲದ ಇಂಥದ್ದನ್ನು ಸುದ್ದಿಯೆಂದು ಕರೆಯಲಾಗದು, ಕಥೆಯೆಂದೇ ಓದಬೇಕು. ಆದರೆ ಅದು ನಮ್ಮ ತಲೆಗೆ ತುಂಬುವ ಒಂದು ಮಾತಿದೆಯಲ್ಲ, ‘ಮನಸ್ಸಿದ್ದರೆ ಬರುತ್ತಿದ್ದ’ ಎಂಬುದು, ಅದನ್ನು ಪರಿಶೀಲಿಸಬಹುದು.

ಮನಸ್ಸಿದ್ದರೆ ಬರಬಹುದೇ?

ದುಬೈ ಇರುವ ಯುಎಇಯಲ್ಲಿ ಒಂದು ವರ್ಷ ಪೂರೈಸಿದ ಕೆಲಸಗಾರರಿಗೆ ವರ್ಷಕ್ಕೆ 30 ದಿನ ಸಂಬಳಸಹಿತ ರಜೆಯನ್ನು ಕಾನೂನೇ ಕೊಡುತ್ತದೆ. ಕೇಳಲು ಧಾರಾಳ. ಆದರೆ ಆ ರಜೆ ಯಾವಾಗ ಎಂಬುದು ಕೆಲಸದ ಒತ್ತಡ ನೋಡಿ ತೀರ್ಮಾನವಾಗುತ್ತದೆ, ನಮ್ಮ ಪಂಚಾಂಗ ನೋಡಿ ಅಲ್ಲ. ವಿಮಾನದ ಟಿಕೆಟ್ಟನ್ನು ಎರಡು ವರ್ಷಕ್ಕೊಮ್ಮೆ ಮಾತ್ರ ಕೊಡುವ ಒಪ್ಪಂದಗಳೂ ಇವೆ. ಮಧ್ಯೆ ಬರಬೇಕೆಂದರೆ ಸ್ವಂತ ಖರ್ಚು, ಅದೂ ಹಬ್ಬದ ಸೀಸನ್ನಿನ ದರದಲ್ಲಿ. ಅಣ್ಣ ತಂಗಿಯ ಮದುವೆಗೆ ಮಾಡಿದ ಸಾಲ ತೀರಿಸುತ್ತಿರುವವನು. ಒಂದು ಉಗಾದಿ ಎಂದರೆ ಅವನಿಗೆ ಎಷ್ಟು ತಿಂಗಳ ಕಂತು ಎಂಬ ಲೆಕ್ಕ ಬಾಯಿಪಾಠ.

ಅಮೆರಿಕದ ಕಥೆ ಬೇರೆ. ಅಲ್ಲಿ ಖಾಸಗಿ ಕಂಪನಿಗಳು ಸಂಬಳಸಹಿತ ರಜೆ ಕೊಡಲೇಬೇಕೆಂಬ ಕಾನೂನೇ ಕೇಂದ್ರ ಸರ್ಕಾರದ ಮಟ್ಟದಲ್ಲಿಲ್ಲ, ಕಂಪನಿ ಕೊಟ್ಟಷ್ಟೇ. ಅದಕ್ಕಿಂತ ದೊಡ್ಡ ತೊಡಕು ವೀಸಾ. ಎಚ್-1ಬಿ ಮೇಲೆ ಕಾನೂನುಬದ್ಧವಾಗಿ ಕೆಲಸ ಮಾಡುತ್ತಿದ್ದರೂ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿರಬಹುದು. ಅಲ್ಲೇ ಇರುವವರೆಗೆ ತೊಂದರೆಯಿಲ್ಲ. ಒಮ್ಮೆ ಹೊರಗೆ ಬಂದರೆ ಮಾತ್ರ ದೂತಾವಾಸದಲ್ಲಿ ಹೊಸ ಮುದ್ರೆ ಹಾಕಿಸದೆ ವಾಪಸ್ ಹೋಗಲಾಗದು. ಸಂದರ್ಶನದ ದಿನಾಂಕ ತಡವಾದರೆ ಅಲ್ಲಿ ಕೆಲಸ, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲವೂ ತೂಗಾಡುತ್ತದೆ. ಇದನ್ನೆಲ್ಲ ಹಳ್ಳಿಯಲ್ಲಿರುವ ತಾಯಿಗೆ ಫೋನಿನಲ್ಲಿ ವಿವರಿಸುವುದಕ್ಕಿಂತ ‘ಬಿಡುವಿಲ್ಲಮ್ಮ’ ಎನ್ನುವುದು ಸುಲಭ. ಎಷ್ಟೋ ಮಕ್ಕಳು ಹಾಗೇ ಹೇಳಿ ಸುಮ್ಮನಾಗುತ್ತಾರೆ.

ಬರಲು ಸಾಧ್ಯವಿದ್ದೂ ಬಾರದವರು ಇಲ್ಲವೇ? ಇದ್ದಾರೆ. ಬೆಂಗಳೂರಿನಿಂದ ಮಂಡ್ಯಕ್ಕೆ ಬಾರದವರೂ ಇದ್ದಾರೆ.

‘ಅವನಿಗೆ ಹಬ್ಬದ ದಿನವೂ ನೆನಪಿಲ್ಲ, ಹಿಂದಿನ ದಿನವೇ ಶುಭಾಶಯ ಹೇಳಿಬಿಟ್ಟ’ ಎಂಬ ದೂರನ್ನೂ ಕೇಳಿದ್ದೇನೆ. ಇದಕ್ಕೆ ಪಂಚಾಂಗದಲ್ಲೇ ಉತ್ತರವಿದೆ. ಪಾಡ್ಯ ಶುರುವಾಗುವ ಕ್ಷಣ ಜಗತ್ತಿಗೆಲ್ಲ ಒಂದೇ, ಆದರೆ ಉಗಾದಿಯ ದಿನವನ್ನು ಆಯಾ ಊರಿನ ಸೂರ್ಯೋದಯಕ್ಕೆ ಯಾವ ತಿಥಿ ಇದೆ ಎಂದು ನೋಡಿ ಗೊತ್ತುಮಾಡುತ್ತಾರೆ. 2021ರಲ್ಲಿ ಚೈತ್ರ ಪಾಡ್ಯ ಶುರುವಾದದ್ದು ನಮ್ಮ ಏಪ್ರಿಲ್ 12ರ ಬೆಳಿಗ್ಗೆ 8ರ ಸುಮಾರಿಗೆ. ಆಗ ಇಲ್ಲಿ ಸೂರ್ಯ ಹುಟ್ಟಿಯಾಗಿತ್ತು, ಹಾಗಾಗಿ ನಮಗೆ ಹಬ್ಬ 13ಕ್ಕೆ ಹೋಯಿತು. ನ್ಯೂಯಾರ್ಕಿನಲ್ಲಿ ಅದೇ ಹೊತ್ತಿಗೆ 11ರ ರಾತ್ರಿ. ಅಲ್ಲಿ 12ರ ಬೆಳಿಗ್ಗೆ ಸೂರ್ಯ ಹುಟ್ಟುವಾಗ ಪಾಡ್ಯ ಇತ್ತು. ಲೆಕ್ಕದ ಪ್ರಕಾರ ಅಲ್ಲಿಯ ಉಗಾದಿ 12ಕ್ಕೆ. ಮಗ ತಪ್ಪಿರಲಿಲ್ಲ.

ಮನೆ ನೆನಪು ಕಾಯಿಲೆಯೇ, ದೌರ್ಬಲ್ಯವೇ?

ಆ ಕಡೆಯವರಿಗಾಗಿಯೂ ಒಂದು ಫಾರ್ವರ್ಡ್ ಓಡಾಡುತ್ತದೆ: ‘ಮನೆ ನೆನಪು ಮನಸ್ಸು ಗಟ್ಟಿಯಿಲ್ಲದವರಿಗೆ, ಆರು ತಿಂಗಳಲ್ಲಿ ಹೋಗುತ್ತದೆ.’

ಒಂದು ಕಾಲದಲ್ಲಿ ವೈದ್ಯರು ಇದನ್ನು ಕಾಯಿಲೆ ಎಂದೇ ಬರೆದುಕೊಂಡಿದ್ದರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಇದಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯ ‘ಮನೆಗೆ ಮರಳುವುದು’ ಮತ್ತು ‘ನೋವು’ ಎಂಬ ಎರಡು ಪದ ಸೇರಿಸಿ ಮಾಡಿದ ಹೆಸರದು. ಊರು ಬಿಟ್ಟು ಪರದೇಶದಲ್ಲಿ ಕೂಲಿ ಸೈನಿಕರಾಗಿದ್ದ ಸ್ವಿಸ್ ಜನರಲ್ಲಿ ಇದು ಹೆಚ್ಚು ಎಂಬ ಮಾತು ಆಮೇಲೆ ಬೆಳೆಯಿತು. ಬೆಟ್ಟದಿಂದ ಬಯಲಿಗಿಳಿದಾಗ ಗಾಳಿಯ ಒತ್ತಡ ಬದಲಾಗಿ ಹೀಗಾಗುತ್ತದೆ ಎಂದ ಒಬ್ಬ. ಚಿಕ್ಕಂದಿನಿಂದ ಹಸುವಿನ ಕೊರಳ ಗಂಟೆ ಕೇಳಿ ಕಿವಿ, ಮೆದುಳು ಕೆಟ್ಟಿರುತ್ತದೆ ಎಂದೂ ಕೆಲವರು ನಂಬಿದರು. ಆ ಕಾಲದ ಫಾರ್ವರ್ಡುಗಳು ಅನ್ನಿ!

ಇಂದು ಮನೆ ನೆನಪನ್ನು ಯಾವ ವೈದ್ಯಕೀಯ ಪಟ್ಟಿಯೂ ಪ್ರತ್ಯೇಕ ಕಾಯಿಲೆ ಎಂದು ಗುರುತಿಸುವುದಿಲ್ಲ. ಹಾಗೆಂದು ಅದು ನಾಟಕವೂ ಅಲ್ಲ. ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಸ್ಟ್ರೋಬೆ ಮತ್ತು ಸಂಗಡಿಗರು ಇದನ್ನು ಒಂದು ಪುಟ್ಟ ಶೋಕಕ್ಕೆ ಹೋಲಿಸಿದ್ದಾರೆ. ಆಪ್ತರನ್ನು ಕಳೆದುಕೊಂಡವರಂತೆ ಇಲ್ಲಿಯೂ ಹಂಬಲ, ಅದೇ ಯೋಚನೆ, ನಿದ್ದೆಗೇಡು ಇರುತ್ತದೆ. ವ್ಯತ್ಯಾಸ ಎಂದರೆ ಇಲ್ಲಿ ಮನೆ ಇದ್ದಲ್ಲೇ ಇದೆ, ತಾನು ಮಾತ್ರ ಅಲ್ಲಿಲ್ಲ. ನಮಗೇನೂ ಇದು ಹೊಸದಲ್ಲ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲವೆಂದು ಕಣ್ಣೊರೆಸಿಕೊಂಡ ಅಜ್ಜಿಯರನ್ನು ನಾವು ಮನಸ್ಸು ಗಟ್ಟಿಯಿಲ್ಲದವರು ಎಂದಿರಲಿಲ್ಲ. ಗಂಡುಮಗ ಹಾಗೆ ಅತ್ತರೆ ಏನೆನ್ನಬೇಕೆಂದು ಮಾತ್ರ ನಮಗೆ ಇನ್ನೂ ಗೊತ್ತಿಲ್ಲ.

ಹಬ್ಬದ ದಿನವೇ ಯಾಕೆ ಜೋರು?

ಮಾಮೂಲಿ ದಿನಗಳಲ್ಲಿ ಕೆಲಸ ತಲೆಯನ್ನು ತುಂಬಿರುತ್ತದೆ. ಹಬ್ಬದ ದಿನ ಬೆಳಗ್ಗೆಯಿಂದ ಮೊಬೈಲಿನಲ್ಲಿ ತೋರಣ, ಬೇವು ಬೆಲ್ಲ, ಎಣ್ಣೆ ಸ್ನಾನದ ಫೋಟೋ. ಮರುದಿನ ಹೊಸತೊಡಕಿನ ಬಾಡೂಟದ ಫೋಟೋ. ಒಂದೊಂದೂ ಒಂದೊಂದು ನೆನಪನ್ನು ಎಬ್ಬಿಸುತ್ತದೆ, ಜೊತೆಗೆ ‘ನಾನಿಲ್ಲದೆಯೂ ಎಲ್ಲ ನಡೆಯಿತು’ ಎಂಬ ಚುಚ್ಚು. ವಾಸನೆಯದು ಇನ್ನೂ ಬಲ. ನೋಟ, ಸದ್ದುಗಳ ಮಾಹಿತಿ ಮೆದುಳಿನ ಥಾಲಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ವಾಸನೆ ಮಾತ್ರ ಆ ನಿಲ್ದಾಣದಲ್ಲಿ ಇಳಿಯದೆ, ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳಿಗೆ ನೇರವಾಗಿ ತಲುಪುತ್ತದೆ. ಯಾರದೋ ರೂಮಿನಿಂದ ಹೂರಣದ ಏಲಕ್ಕಿ ವಾಸನೆ ಬಂದಾಗ ಗಂಟಲು ಕಟ್ಟುವುದಕ್ಕೆ ಇದೂ ಒಂದು ಕಾರಣ. ಹೋದ ಮೊದಲ ವರ್ಷಕ್ಕೇ ಇದು ಮುಗಿಯಬೇಕೆಂದೇನಿಲ್ಲ. ಅಣ್ಣನಿಗೆ ಇದು ಏಳನೇ ವರ್ಷ.

‘ವಿಡಿಯೋ ಕಾಲ್ ಮಾಡಿದರೆ ನೆನಪು ಹೆಚ್ಚುತ್ತದೆ, ಮಾಡಬೇಡಿ’ ಎಂಬ ಸಲಹೆ ಅರ್ಧ ಸತ್ಯ. ಸಂಶೋಧನೆಗಳು ಒಂದೇ ದಿಕ್ಕಿಗೆ ಬೆರಳು ತೋರುವುದಿಲ್ಲ. ಕರೆಯಲ್ಲಿ ಏನು ನಡೆಯುತ್ತದೆ ಎಂಬುದು ಮುಖ್ಯ. ಹದಿನೈದು ಜನ ಸರದಿಯಲ್ಲಿ ‘ಯಾವಾಗ ಬರ್ತೀಯ?’ ಎಂದು ಕೇಳಿದರೆ ಅದು ವಿಚಾರಣೆ. ಗಂಟೆಯ ಲೆಕ್ಕವೂ ಇದೆ. ನಮ್ಮ ಬೆಳಿಗ್ಗೆ 7 ಎಂದರೆ ದುಬೈನಲ್ಲಿ 5:30. ದೊಡ್ಡಮ್ಮ ಪೂಜೆ ಮುಗಿಸಿ ಫೋನ್ ಮಾಡುತ್ತಿದ್ದದ್ದು ಸರಿಯಾಗಿ ಆ ಹೊತ್ತಿಗೆ, ಅಣ್ಣ ಸೈಟಿಗೆ ಹೋಗುವ ಬಸ್ಸಿನಲ್ಲಿ ನಲವತ್ತು ಜನರ ನಡುವೆ ನಿಂತಿರುವಾಗ. ಏಳು ವರ್ಷ ಅವನು ‘ಆಮೇಲೆ ಮಾಡ್ತೀನವ್ವ’ ಎಂದದ್ದಕ್ಕೆ ಕಾರಣ ಅದು. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಈಗ ಕರೆ ರಾತ್ರಿ ಒಂಬತ್ತಕ್ಕೆ. ದೊಡ್ಡಮ್ಮ ಫೋನನ್ನು ಒಲೆಯ ಪಕ್ಕದ ಡಬ್ಬಕ್ಕೆ ಒರಗಿಸಿಟ್ಟು ಅವರ ಪಾಡಿಗೆ ಕೆಲಸ ಮಾಡುತ್ತಾರೆ, ಅವನು ಅವನ ಪಾಡಿಗೆ ಊಟ ಮಾಡುತ್ತಾನೆ. ಹೆಚ್ಚು ಮಾತಿರುವುದಿಲ್ಲ.

ಬೇಸರ ಎರಡು ವಾರ ದಾಟಿಯೂ ನಿದ್ದೆ, ಊಟ, ಕೆಲಸವನ್ನು ಕೆಡಿಸುತ್ತಿದ್ದರೆ ಅದನ್ನು ಬರೀ ಮನೆ ನೆನಪು ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಇಲ್ಲಿ ಒಂಟಿಯಾಗಿ ಹಬ್ಬ ಮಾಡುವ ಅಪ್ಪ ಅಮ್ಮಂದಿರಿಗೂ ಈ ಮಾತು ಅನ್ವಯಿಸುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕಜ್ಜಾಯದ ಆವೃತ್ತಿ ದೀಪಾವಳಿಗೆ ನಮ್ಮ ಗುಂಪಿಗೆ ಬಂದೇ ಬಂತು, ಈ ಸಲ ಚಿಕ್ಕಪ್ಪನಿಂದ. ಯಾರೂ ಕೈ ಮುಗಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣನೇ ಅದರ ಕೆಳಗೆ ಬರೆದ: ‘ಆ ತಟ್ಟೆಲಿರೋ ಕಜ್ಜಾಯ ಯಾರೂ ಮುಟ್ಟಿಲ್ಲ ಅಂದ್ರೆ ಇತ್ಲಾಗೆ ಕಳ್ಸಿ.’