ಡೀಸೆಲ್ಲಿನಲ್ಲಿ ನೀರು: ಟಿಲ್ಲರ್, ಪಂಪ್‌ಸೆಟ್ಟುಗಳ ರಕ್ಷಣೆ

ಆಷಾಢದ ಮಳೆ ಹಿಡಿದ ಮೇಲೆ ಶಿಕಾರಿಪುರ ತಾಲ್ಲೂಕಿನ ಈಸೂರಿನಂತಹ ಊರುಗಳಲ್ಲಿ ಗದ್ದೆ ಕೆಲಸಕ್ಕೆ ಸಿಗುವುದು ಕೆಲವೇ ದಿನ. ಸಸಿಮಡಿಯಲ್ಲಿ ಸಸಿ ಬಲಿಯುತ್ತಿರುತ್ತದೆ, ನಾಟಿಗೆ ಆಳುಗಳಿಗೆ ಹೇಳಿ ಆಗಿರುತ್ತದೆ. ಅಂತಹ ಹೊತ್ತಿನಲ್ಲಿ ಬಾಡಿಗೆಗೆ ತಂದ ಟಿಲ್ಲರು ಕೆಸರಿನ ನಡುವೆ ಎರಡು ಸಲ ಬಿಕ್ಕಿ, ಬಿಳಿ ಹೊಗೆ ಉಗುಳಿ ನಿಂತುಬಿಟ್ಟರೆ ರೈತನ ಪಾಡು ಹೇಳತೀರದು. ಎಂಜಿನ್ನು ಬಿಚ್ಚುವ ಮೊದಲು ಡೀಸೆಲ್ಲಿನಲ್ಲಿ ನೀರು ಸೇರಿದೆಯೇ ಎಂದು ನೋಡಿ. ಮಳೆಗಾಲದಲ್ಲಿ ಹಲವು ಬಾರಿ ಕಾರಣ ಅದೇ ಆಗಿರುತ್ತದೆ.

ನೀರು ಎಲ್ಲಿಂದ ಬಂತು? ಬಂಕಿನವರನ್ನು ದೂರುವುದು ಸುಲಭ. ಆದರೆ ಬಹಳಷ್ಟು ನೀರು ಸೇರುವುದು ನಮ್ಮ ಮನೆಯಲ್ಲಿಯೇ. ಅರ್ಧ ಖಾಲಿ ಇರುವ ಟ್ಯಾಂಕಿನೊಳಗಿನ ಗಾಳಿಯಲ್ಲಿ ತೇವವಿರುತ್ತದೆ. ರಾತ್ರಿ ತಂಪಾದಾಗ ಅದು ಒಳಗೋಡೆಯ ಮೇಲೆ ಬೆವರಿನಂತೆ ಹನಿಗಟ್ಟಿ ಕೆಳಕ್ಕೆ ಇಳಿಯುತ್ತದೆ. ಮುಚ್ಚಳದ ರಬ್ಬರು ಹಾಳಾಗಿದ್ದರೆ ಮಳೆನೀರು ನೇರವಾಗಿ ಒಳಹೋಗುತ್ತದೆ. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಪೀಪಾಯಿ ಇನ್ನೂ ಅಪಾಯಕಾರಿ. ಅದರ ತಲೆಯ ಮೇಲೆ ನೀರು ನಿಲ್ಲುತ್ತದೆ. ಹಗಲು ಬಿಸಿಯಾಗಿದ್ದ ಪೀಪಾಯಿ ಸಂಜೆ ತಣಿಯುವಾಗ ಒಳಕ್ಕೆ ಗಾಳಿ ಎಳೆದುಕೊಳ್ಳುತ್ತದೆ, ಬಿರಡೆ ಬಿಗಿಯಾಗಿದ್ದರೂ ಅದರ ಸಂದಿನಿಂದ ನೀರನ್ನೂ ಹೀರುತ್ತದೆ.

ಒಂದು ಲೀಟರ್ ನೀರಿನ ತೂಕ 1 ಕಿಲೋ, ಡೀಸೆಲ್ಲಿನದು ಸುಮಾರು 830 ಗ್ರಾಂ. ಆದ್ದರಿಂದ ನೀರು ತಳದಲ್ಲಿ ನಿಲ್ಲುತ್ತದೆ. ಟಿಲ್ಲರು ನಿಂತಲ್ಲೇ ನಿಂತಿದ್ದರೆ ಅದು ಗೊತ್ತಾಗುವುದೇ ಇಲ್ಲ. ಗದ್ದೆಯಲ್ಲಿ ಕುಲುಕಿದಾಗ ಮೇಲೆದ್ದು ಕೊಳವೆಯನ್ನು ಸೇರುತ್ತದೆ. ಮಲ್ಪೆ, ಮಂಗಳೂರು ಬಂದರುಗಳಿಂದ ಹೊರಡುವ ಮೀನುಗಾರಿಕೆ ದೋಣಿಗಳಿಗೂ ಇದೇ ಕಾಟ. ಅಲೆಗೆ ದೋಣಿ ಹೊಯ್ದಾಡಿದಾಗ ತಳದ ನೀರು ಕದಡಿ, ನಡುಸಮುದ್ರದಲ್ಲಿ ಎಂಜಿನ್ನು ನಿಲ್ಲಬಹುದು. ಅದಕ್ಕೇ ದೋಣಿಗಳಲ್ಲಿ ನೀರನ್ನು ಬೇರ್ಪಡಿಸುವ, ತಳದಲ್ಲಿ ಪಾರದರ್ಶಕ ಬಟ್ಟಲಿರುವ ಫಿಲ್ಟರನ್ನು ಬಳಸುವುದುಂಟು. ನಮ್ಮ ಪಂಪ್‌ಸೆಟ್ಟುಗಳಿಗೂ ಅಂಥದನ್ನು ಹಾಕಿಸಿಕೊಳ್ಳಬಹುದು.

ನೀರಿನಿಂದ ಎಂಜಿನ್ನು ನಿಲ್ಲುವುದು ಸಣ್ಣ ನಷ್ಟ. ಇಂಧನ ಪಂಪು, ನಾಝಲ್‌ಗಳ ಒಳಗಿನ ಭಾಗಗಳ ನಡುವಿನ ಅಂತರ ಕೂದಲೆಳೆಗಿಂತಲೂ ಬಹಳ ಕಡಿಮೆ. ಅವುಗಳಿಗೆ ಬೇರೆ ಎಣ್ಣೆ ಇಲ್ಲ, ಡೀಸೆಲ್ಲೇ ಜಾರೆಣ್ಣೆ. ಅಲ್ಲಿಗೆ ನೀರು ಹೋದರೆ ತುಕ್ಕು ಹಿಡಿಯುತ್ತದೆ, ಉಜ್ಜಿ ಸವೆಯುತ್ತದೆ, ಕೆಲವೊಮ್ಮೆ ಕಚ್ಚಿಕೊಂಡು ನಿಲ್ಲುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುವುದೂ ಉಂಟು. ಫಿಲ್ಟರು ಪದೇ ಪದೇ ಕಟ್ಟಿಕೊಳ್ಳುತ್ತಿದ್ದರೆ ಇದನ್ನು ಶಂಕಿಸಬೇಕು.

ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಬೆಳಿಗ್ಗೆ ಎಂಜಿನ್ನು ಚಾಲೂ ಮಾಡುವ ಮೊದಲು, ಟ್ಯಾಂಕನ್ನು ಅಲುಗಿಸದೆ, ತಳದ ಬಿರಡೆ ಸಡಿಲಿಸಿ ಕಾಲು ಲೀಟರಿನಷ್ಟನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿಯಿರಿ. ಅರ್ಧ ಗಂಟೆ ಬಿಡಿ. ತಳದಲ್ಲಿ ಗುಂಡು ಹನಿಗಳೋ ಬೇರೆ ಪದರವೋ ಕಂಡರೆ ಅದು ನೀರು. ಡೀಸೆಲ್ಲು ಮಜ್ಜಿಗೆಯಂತೆ ಮಬ್ಬಾಗಿದ್ದರೆ ನೀರು ಅದರಲ್ಲಿ ಕದಡಿಹೋಗಿದೆ ಎಂದರ್ಥ.

ನೀರು ಸಿಕ್ಕಿತೆಂದರೆ ಎಂಜಿನ್ನನ್ನು ಮತ್ತೆ ಮತ್ತೆ ತಿರುಗಿಸಬಾರದು. ಹಾಗೆ ಮಾಡಿದಷ್ಟೂ ನೀರು ನಾಝಲ್ಲಿನತ್ತ ಸಾಗುತ್ತದೆ. ಶುದ್ಧ ಡೀಸೆಲ್ಲು ಬರುವವರೆಗೆ ಟ್ಯಾಂಕಿನ ತಳದಿಂದ ಬಸಿಯಿರಿ, ಫಿಲ್ಟರಿನ ಬಟ್ಟಲನ್ನೂ ಖಾಲಿ ಮಾಡಿ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವುದು ಸುಳ್ಳು ಉಳಿತಾಯ, ಹೊಸದನ್ನೇ ಹಾಕಿ. ಆಮೇಲೆ ಗಾಳಿ ತೆಗೆಯುವ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ಲು ಧಾರೆಯಾಗಿ ಬರುವವರೆಗೆ ಬಿಟ್ಟು ಬಿಗಿಮಾಡಿ. ಇಷ್ಟಾದರೂ ಚಾಲೂ ಆಗದಿದ್ದರೆ, ಅಥವಾ ಬಡಿತದ ಸದ್ದು ಬಂದರೆ, ನೀರು ಪಂಪನ್ನು ಸೇರಿರಬಹುದು. ಆಗ ಅದನ್ನು ಬಿಚ್ಚುವ ಕೆಲಸ ತಿಳಿದ ಮೆಕ್ಯಾನಿಕ್ಕಿನದು. ಸೀಮೆಎಣ್ಣೆ, ಸ್ಪಿರಿಟ್ಟು ಬೆರೆಸುವ ಅಡ್ಡಮದ್ದು ಬೇಡ.

ಸಂಜೆ ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಸಿಡುವ ಅಭ್ಯಾಸ ಮಾಡಿಕೊಳ್ಳಿ. ಗಾಳಿಗೆ ಜಾಗವಿಲ್ಲದಿದ್ದರೆ ಬೆವರುವುದಕ್ಕೂ ಅವಕಾಶವಿಲ್ಲ. ಪೀಪಾಯಿಯನ್ನು ಸೂರಿನಡಿ ಇಡುವುದು ಉತ್ತಮ. ಹೊರಗೇ ಇಡಬೇಕಾದರೆ ಮರದ ತುಂಡುಗಳ ಮೇಲೆ ಅಡ್ಡ ಮಲಗಿಸಿ, ಎರಡೂ ಬಿರಡೆಗಳು ಒಂದೇ ಮಟ್ಟದಲ್ಲಿ, ಡೀಸೆಲ್ಲಿನಲ್ಲಿ ಮುಳುಗಿರುವಂತೆ ಇಡಬೇಕು. ಡೀಸೆಲ್ ತೆಗೆಯುವ ಕೊಳವೆಯ ಬಾಯಿ ತಳದಿಂದ ನಾಲ್ಕು ಬೆರಳು ಮೇಲಿರಲಿ.

ಪೆಟ್ರೋಲಿನ ಕಳೆ ಕತ್ತರಿಸುವ ಯಂತ್ರ, ಸ್ಪ್ರೇಯರುಗಳ ಮಾತು ಬೇರೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಿಗೆ ಬೇರೆಯಾಗಿ ತಳಕ್ಕಿಳಿಯುತ್ತವೆ. ಹೀಗೆ ಒಡೆದ ಪೆಟ್ರೋಲಿನಲ್ಲಿ ತಳದ ಪದರವನ್ನಷ್ಟೇ ಬಸಿದರೆ ಸಾಲದು. ಮೇಲಿನದರ ಗುಣವೂ ಕೆಟ್ಟಿರುವುದರಿಂದ ಎಲ್ಲವನ್ನೂ ತೆಗೆದುಹಾಕಬೇಕು. ಹಂಗಾಮು ಮುಗಿದ ಮೇಲೆ ಇಂತಹ ಯಂತ್ರಗಳ ಟ್ಯಾಂಕು ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಉರಿದು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಬಸಿದ ನೀರು ಮಿಶ್ರಿತ ಡೀಸೆಲ್ಲನ್ನು ಗದ್ದೆಗೋ ಬಾವಿಯ ಬಳಿಗೋ ಚೆಲ್ಲಬಾರದು. ಡಬ್ಬದಲ್ಲಿ ಎರಡು ದಿನ ತಿಳಿಯಲು ಬಿಟ್ಟು, ಮೇಲಿನದನ್ನು ಬಿಡಿಭಾಗಗಳನ್ನು ತೊಳೆಯಲು ಉಪಯೋಗಿಸಬಹುದು.