ಅಣೆಕಟ್ಟಿನ ನೀರು ನಿರ್ವಹಣೆ ಮತ್ತು ದೋಣಿವಿಹಾರ

ಅಣೆಕಟ್ಟಿನ ನೀರು ನಿರ್ವಹಣೆ ಎಂದರೆ ಜಲಾಶಯದಲ್ಲಿ ನೀರನ್ನು ಸಂಗ್ರಹಿಸುವುದು, ನಾಲೆಗಳಿಗೆ ಹರಿಸುವುದು ಹಾಗೂ ವಿದ್ಯುದಾಗಾರ ಅಥವಾ ಕ್ರೆಸ್ಟ್ ಗೇಟುಗಳ ಮೂಲಕ ನದಿಗೆ ಬಿಡುವುದು. ನೀರಾವರಿ, ಕುಡಿಯುವ ನೀರು, ವಿದ್ಯುತ್ ಉತ್ಪಾದನೆ ಮತ್ತು ಪ್ರವಾಹ ನಿಯಂತ್ರಣ ಇದರ ಮುಖ್ಯ ಉದ್ದೇಶಗಳು. ಸಾಮಾನ್ಯವಾಗಿ ದೋಣಿವಿಹಾರವು ಈ ಉದ್ದೇಶಗಳಿಗೆ ಅಧೀನವಾಗಿರುತ್ತದೆ. ಆದ್ದರಿಂದ ಅಣೆಕಟ್ಟಿರುವ ನದಿಯಲ್ಲಿ ದೋಣಿಯ ಸುರಕ್ಷತೆಯು ಮಳೆಯನ್ನಷ್ಟೇ ಅಲ್ಲದೆ ಗೇಟು ಮತ್ತು ಟರ್ಬೈನುಗಳ ಕಾರ್ಯವನ್ನೂ ಅವಲಂಬಿಸಿದೆ.

ಜಲಾಶಯದ ಮಟ್ಟ

ಮಳೆಗಾಲದಲ್ಲಿ ಒಳಹರಿವು ಹೆಚ್ಚಿ ಜಲಾಶಯ ತುಂಬುತ್ತದೆ. ಬೇಸಿಗೆಯ ವೇಳೆಗೆ ಮಟ್ಟ ಇಳಿಯುತ್ತದೆ. ನೀರು ಹಿಂದೆ ಸರಿದಂತೆ ದೋಣಿ ಹತ್ತುವ ಕಟ್ಟೆಗಳು ನೀರಿನಿಂದ ದೂರವಾಗುತ್ತವೆ ಮತ್ತು ದಡದಲ್ಲಿ ಕೆಸರು ಉಳಿಯುತ್ತದೆ. ಮುಳುಗಿದ್ದ ಬಂಡೆ, ಮರದ ಬೊಡ್ಡೆ ಮತ್ತು ಹಳೆಯ ಕಟ್ಟಡಗಳು ಮೇಲೆ ಕಾಣತೊಡಗುತ್ತವೆ. ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿರುವ ಹಿರೇಭಾಸ್ಕರ ಅಣೆಕಟ್ಟು ನೀರು ಬಹಳ ಇಳಿದ ವರ್ಷಗಳಲ್ಲಿ ಗೋಚರಿಸುತ್ತದೆ. ಇಂತಹ ಅಡೆತಡೆಗಳು ಪೂರ್ಣವಾಗಿ ಕಾಣುವಾಗ ಉಂಟುಮಾಡುವ ಅಪಾಯಕ್ಕಿಂತ, ನೀರಿನ ಮೇಲ್ಮೈಗಿಂತ ಸ್ವಲ್ಪವೇ ಕೆಳಗಿರುವಾಗ ಉಂಟುಮಾಡುವ ಅಪಾಯ ಹೆಚ್ಚು.

ಅಮೆರಿಕದ ಕೊಲೊರಾಡೊ ನದಿಯ ಲೇಕ್ ಮೀಡ್ ಮತ್ತು ಲೇಕ್ ಪೊವೆಲ್ ಜಲಾಶಯಗಳಲ್ಲಿ ದೀರ್ಘಕಾಲದ ಬರದಿಂದ ನೀರು ಕುಸಿದಾಗ, ದೋಣಿಗಳನ್ನು ನೀರಿಗಿಳಿಸುವ ಹಲವು ಇಳಿಜಾರುಗಳನ್ನು ಮುಚ್ಚಬೇಕಾಯಿತು.

ಕೆಳಭಾಗದ ನದಿಯ ಹರಿವು

ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಹರಿವು ಬಹುಬೇಗ ಬದಲಾಗಬಲ್ಲದು. ವಿದ್ಯುತ್ ಬೇಡಿಕೆ ಹೆಚ್ಚಾದಾಗ ಟರ್ಬೈನುಗಳು ಚಾಲನೆಗೊಂಡರೆ, ಆಕಾಶ ನಿರ್ಮಲವಾಗಿದ್ದರೂ ನದಿಯ ಮಟ್ಟ ಏರುತ್ತದೆ. ಹೊರಹರಿವನ್ನು ಕ್ಯೂಸೆಕ್‌ಗಳಲ್ಲಿ ಅಳೆಯಲಾಗುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್ ನೀರು.

ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಕೆಳಭಾಗದ ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿವಿಹಾರವನ್ನು ಸ್ಥಗಿತಗೊಳಿಸಲಾಗುತ್ತದೆ. ತುಂಗಭದ್ರಾ ಜಲಾಶಯದ ಹೊರಹರಿವು ಹೆಚ್ಚಿದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ. ಆಗ ಅಲ್ಲಿ ಹರಿಗೋಲುಗಳ ಸಂಚಾರವೂ ನಿಲ್ಲುತ್ತದೆ. ಎಲ್ಲ ಬಿಡುಗಡೆಗಳೂ ಪೂರ್ವಯೋಜಿತವಲ್ಲ. 2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದುದರಿಂದ ಅಪಾರ ನೀರು ನದಿಗೆ ಹರಿಯಿತು.

ಅನುಕೂಲಕರ ಪರಿಣಾಮಗಳು

ಅಣೆಕಟ್ಟು ದೋಣಿವಿಹಾರಕ್ಕೆ ಯಾವಾಗಲೂ ಅಡ್ಡಿಯಲ್ಲ. ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಳಿ ನದಿಗೆ ಕಟ್ಟಿರುವ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಅದರ ವಿದ್ಯುದಾಗಾರದಿಂದ ಹೊರಬರುವ ನೀರು, ಸಹ್ಯಾದ್ರಿಯ ಅನೇಕ ಹೊಳೆಗಳು ಬತ್ತುವ ಬೇಸಿಗೆಯಲ್ಲಿಯೂ ಗಣೇಶಗುಡಿಯ ಬಳಿ ರಾಫ್ಟಿಂಗ್‌ಗೆ ಆಧಾರವಾಗಿದೆ. ಉತ್ಪಾದನೆ ನಿಂತರೆ ಈ ಕ್ರೀಡೆಗೆ ಬೇಕಾದ ರಭಸವೂ ಇಲ್ಲವಾಗುತ್ತದೆ.

ಅಮೆರಿಕದ ಪಶ್ಚಿಮ ವರ್ಜೀನಿಯಾದ ಸಮ್ಮರ್ಸ್‌ವಿಲ್ ಅಣೆಕಟ್ಟಿನಿಂದ ಪ್ರತಿ ಶರತ್ಕಾಲದಲ್ಲಿ ಗಾಲಿ ನದಿಗೆ ನಿಗದಿತ ದಿನಗಳಂದು ನೀರು ಬಿಡಲಾಗುತ್ತದೆ. ಮುಂಬರುವ ಪ್ರವಾಹಕ್ಕೆ ಜಲಾಶಯದಲ್ಲಿ ಸ್ಥಳಾವಕಾಶ ಮಾಡುವ ಈ ಬಿಡುಗಡೆಯೇ ರಾಫ್ಟಿಂಗ್ ಋತುವೂ ಆಗಿದೆ. ದಿನಗಳು ಮೊದಲೇ ತಿಳಿದಿರುವುದರಿಂದ ಎರಡು ಉದ್ದೇಶಗಳೂ ಈಡೇರುತ್ತವೆ.

ಸುರಕ್ಷತೆ

2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಲುಕಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರು ದೋಣಿಯಲ್ಲಿರಲಿಲ್ಲ; ನದಿಯ ಪಾತ್ರದಲ್ಲಿದ್ದರು. ಶಾಂತವಾಗಿ ಕಾಣುವ ನದಿಯಲ್ಲಿ ಎಚ್ಚರಿಕೆ ಸಕಾಲದಲ್ಲಿ ತಲಪದಿದ್ದರೆ ಉಂಟಾಗುವ ಅನಾಹುತಕ್ಕೆ ಈ ದುರಂತ ನಿದರ್ಶನವಾಗಿದೆ.

ನೀರು ಬಿಡುವ ಮುನ್ನ ಸೈರನ್ ಮೊಳಗಿಸುವುದು, ನದಿಪಾತ್ರದ ಊರುಗಳಿಗೆ ಸೂಚನೆ ನೀಡುವುದು ಮತ್ತು ಹೊರಹರಿವನ್ನು ಹಂತಹಂತವಾಗಿ ಹೆಚ್ಚಿಸುವುದು ಮುಖ್ಯ ಮುನ್ನೆಚ್ಚರಿಕೆಗಳು. ದೋಣಿ ನಡೆಸುವವರು ಅಂದಿನ ಹೊರಹರಿವನ್ನು ತಿಳಿದುಕೊಳ್ಳುವುದು, ಪ್ರಯಾಣಿಕರಿಗೆ ಜೀವರಕ್ಷಕ ಜಾಕೆಟ್ ತೊಡಿಸುವುದು, ಗೇಟುಗಳ ಸಮೀಪ ಹೋಗದಿರುವುದು ಅಗತ್ಯ. ಚಿಕ್ಕ ಒಡ್ಡುಗಳನ್ನೂ ಕಡೆಗಣಿಸುವಂತಿಲ್ಲ. ಅವುಗಳ ಮೇಲಿಂದ ಬೀಳುವ ನೀರು ಕೆಳಗೆ ಸುತ್ತುಹರಿವನ್ನು ಉಂಟುಮಾಡಿ, ಸಿಕ್ಕಿದ ದೋಣಿಯನ್ನೂ ಈಜುಗಾರನನ್ನೂ ಮತ್ತೆ ಮತ್ತೆ ಒಡ್ಡಿನ ಕಡೆಗೇ ಎಳೆಯುತ್ತದೆ.