ಬಾಲದಲ್ಲಿ ಕೂತ ಪುಟ್ಟ ಎಂಜಿನ್: ಜೆಟ್ ವಿಮಾನ ಸಣ್ಣ ಊರಿಗೆ ಬಂದ ಬಗೆ

ಮಿರಜದವರು ವಿಮಾನ ಹಿಡಿಯಬೇಕೆಂದರೆ ಎರಡು ದಾರಿ. ಕೃಷ್ಣಾ ನದಿ ದಾಟಿ ಜೈಸಿಂಗಪುರ, ಅತಿಗ್ರೆ ಮೇಲೆ ಹೋದರೆ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಕೊಲ್ಹಾಪುರದ ಉಜಳಾಯಿವಾಡಿ. ದಕ್ಷಿಣಕ್ಕೆ ರೈಲು ಹತ್ತಿದರೆ ಬೆಳಗಾವಿ, ಅಲ್ಲಿಂದ ಸಾಂಬ್ರಾ. ಕೊಲ್ಹಾಪುರದ ವಿಮಾನ ನಿಲ್ದಾಣ ಸಂಸ್ಥಾನದ ಕಾಲದ್ದು, 1939ರಲ್ಲಿ ಶುರುವಾಯಿತು. ಸಾಂಬ್ರಾದ್ದನ್ನು 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಬ್ರಿಟಿಷರ ರಾಯಲ್ ಏರ್‌ಫೋರ್ಸ್ ಕಟ್ಟಿತು. ಜೆಟ್ ವಿಮಾನದಲ್ಲಿ ಜನ ಓಡಾಡುವ ಕಾಲಕ್ಕಿಂತ ಮೊದಲೇ ಇಲ್ಲಿ ರನ್‌ವೇ ಇತ್ತು. ಜೆಟ್ ದಿನನಿತ್ಯ ಬಂದು ಹೋಗಲು ಮಾತ್ರ ದಶಕಗಳೇ ಹಿಡಿದವು.

2019ರ ಜನವರಿಯಲ್ಲಿ ಸ್ಟಾರ್ ಏರ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಾಟ ಆರಂಭಿಸಿತು. ಅದನ್ನು ನಡೆಸುವ ಸಂಜಯ್ ಘೋಡಾವತ್ ಸಮೂಹದ ಬೇರು ಮಿರಜದ ಪಕ್ಕದ ಜೈಸಿಂಗಪುರದಲ್ಲಿದೆ. ಬ್ರೆಜಿಲ್‌ನ ಎಂಬ್ರೇಯರ್ ಕಂಪನಿ ತಯಾರಿಸಿದ ಐವತ್ತು ಸೀಟಿನ ಇಆರ್‌ಜೆ-145 ಜೆಟ್‌ಗಳು ಬೆಳಗಾವಿಗೆ ಬಂದವು. ಅದೇ ವರ್ಷ ನವೆಂಬರ್ 22ರಂದು ಕಲಬುರಗಿಯ ಹೊಸ ನಿಲ್ದಾಣ ಉದ್ಘಾಟನೆಯಾದ ದಿನ ಮೊದಲ ಪ್ರಯಾಣಿಕರನ್ನು ಇಳಿಸಿದ್ದೂ ಇದೇ ಸಂಸ್ಥೆಯ ವಿಮಾನ. 2022ರ ಅಕ್ಟೋಬರ್‌ನಲ್ಲಿ ಕೊಲ್ಹಾಪುರ–ಮುಂಬೈ ನಡುವೆಯೂ ಸೇವೆ ಶುರುವಾಯಿತು.

ಜೆಟ್ ಹೀಗೆ ಸಣ್ಣ ಊರುಗಳಿಗೆ ಬರಲು ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ನೆರವು ಕಾರಣ, ಸುಧಾರಿಸಿದ ರನ್‌ವೇಗಳು ಕಾರಣ. ಇವೆರಡೂ ಸುದ್ದಿಯಲ್ಲಿ ಬಂದಿವೆ. ಸುದ್ದಿಯಾಗದ ಮೂರನೆಯ ಕಾರಣ ವಿಮಾನದ ಒಳಗೇ ಇದೆ. ಇಂದಿನ ಜೆಟ್ ತನ್ನನ್ನು ಚಾಲೂ ಮಾಡಿಕೊಳ್ಳುವ ಶಕ್ತಿಯನ್ನೂ ತನ್ನ ಎಂಜಿನ್‌ಗಳ ಮೇಲೆ ಕಣ್ಣಿಡುವ ವ್ಯವಸ್ಥೆಯನ್ನೂ ತಾನೇ ಹೊತ್ತು ತಿರುಗುತ್ತದೆ. ಇವೆರಡೂ ಕೈಗೂಡಲು ಹತ್ತಿರಹತ್ತಿರ ಅರ್ಧ ಶತಮಾನ ಬೇಕಾಯಿತು.

144 ಸ್ಪಾರ್ಕ್ ಪ್ಲಗ್‌ಗಳ ಕಾಲ

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಲಂಡನ್‌ಗೆ ಹೊರಟಿತು. ಅದು ಲಾಕ್‌ಹೀಡ್ ಕಾನ್‌ಸ್ಟೆಲೇಶನ್ ವಿಮಾನ. ನಾಲ್ಕು ಪಿಸ್ಟನ್ ಎಂಜಿನ್, ಒಂದೊಂದಕ್ಕೆ 18 ಸಿಲಿಂಡರ್, ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಒಟ್ಟು 144. ಇವುಗಳಲ್ಲಿ ಯಾವುದು ತಪ್ಪಿ ಕಿಡಿ ಹಾರಿಸುತ್ತಿದೆ, ಯಾವ ಸಿಲಿಂಡರ್ ಕಾದಿದೆ, ಎಣ್ಣೆ ಎಷ್ಟು ಖರ್ಚಾಗಿದೆ ಎಂದು ನೋಡಲಿಕ್ಕೆಂದೇ ಪೈಲಟ್‌ಗಳ ಹಿಂದೆ ಮೂರನೆಯವರೊಬ್ಬರು ಕೂರುತ್ತಿದ್ದರು. ಅವರೇ ಫ್ಲೈಟ್ ಎಂಜಿನಿಯರ್. ಮುಂದೆ ಗೋಡೆಯಗಲ ಗಡಿಯಾರದಂಥ ಮುಳ್ಳುಗಳು, ತೊಡೆಯ ಮೇಲೆ ದಾಖಲೆ ಬರೆಯುವ ಹಲಗೆ. ಎಂಜಿನ್ನಿನ ಸದ್ದು ಬದಲಾದರೆ ಮುಳ್ಳಿಗಿಂತ ಮೊದಲು ಅವರ ಕಿವಿಗೆ ಗೊತ್ತಾಗುತ್ತಿತ್ತು.

ಜೆಟ್ ಎಂಜಿನ್ ಇದಕ್ಕಿಂತ ಸರಳ. ಗಾಳಿಯನ್ನು ಎಳೆದುಕೊಂಡು ಕಂಪ್ರೆಸರ್‌ನಲ್ಲಿ ಒತ್ತುವುದು, ಅದರಲ್ಲಿ ಇಂಧನ ಉರಿಸುವುದು, ಬಿಸಿ ಅನಿಲದಿಂದ ಟರ್ಬೈನ್ ತಿರುಗಿಸಿ ಉಳಿದದ್ದನ್ನು ಹಿಂದಕ್ಕೆ ಚಿಮ್ಮುವುದು. ಬ್ರಿಟನ್ನಿನ ಫ್ರ್ಯಾಂಕ್ ವಿಟ್ಲ್ ತಮ್ಮ ಎಂಜಿನ್ನನ್ನು ಮೊದಲ ಬಾರಿಗೆ ಓಡಿಸಿದ್ದು 1937ರಲ್ಲಿ. ಜರ್ಮನಿಯ ಹಾನ್ಸ್ ಫಾನ್ ಒಹೈನ್ ರೂಪಿಸಿದ ಎಂಜಿನ್ 1939ರಲ್ಲಿ ವಿಮಾನವನ್ನು ಹಾರಿಸಿತು. 1960ರಲ್ಲಿ ಬೋಯಿಂಗ್ 707 ಪಡೆದ ಏರ್ ಇಂಡಿಯಾ, ಎರಡೇ ವರ್ಷದಲ್ಲಿ ಪಿಸ್ಟನ್ ವಿಮಾನಗಳನ್ನೆಲ್ಲ ಬಿಟ್ಟು ಪೂರ್ತಿ ಜೆಟ್ ಸಂಸ್ಥೆಯಾಯಿತು.

ಆದರೆ ಜೆಟ್‌ಗೆ ಒಂದು ಹಂಗು ಇತ್ತು. ನಿಂತ ಜೆಟ್ ಎಂಜಿನ್ನಿಗೆ ಇಂಧನ ಸುರಿದು ಕಿಡಿ ಹಚ್ಚಿದರೆ ಅದು ಓಡುವುದಿಲ್ಲ; ಒಳಗಿನ ಶಾಫ್ಟ್ ಆಗಲೇ ಜೋರಾಗಿ ತಿರುಗುತ್ತಿರಬೇಕು. ಹಾಗೆ ತಿರುಗಿಸಲು ಒತ್ತಡದ ಗಾಳಿ ಬೇಕು. 707 ಇಳಿದಲ್ಲೆಲ್ಲ ಗಾಳಿಯ ಯಂತ್ರ ಹೊತ್ತ ಗಾಡಿ, ಕರೆಂಟಿನ ಗಾಡಿ ಕಾದಿರಬೇಕಿತ್ತು. ಅವು ಇಲ್ಲದ ಊರಿನಲ್ಲಿ ನಾಲ್ಕೂ ಎಂಜಿನ್ ಆರಿಸಿದರೆ ಮತ್ತೆ ಹೊರಡುವುದು ಕಷ್ಟ. ಹೀಗಾಗಿ ಜೆಟ್ ದೊಡ್ಡ ನಗರಗಳಲ್ಲೇ ಉಳಿಯಿತು.

1963: ಗಾಡಿ ಬೇಡ ಎಂದ ವಿಮಾನ

ಆ ಕಟ್ಟು ಬಿಚ್ಚಿದ್ದು ಬೋಯಿಂಗ್ 727. 1963ರ ಫೆಬ್ರವರಿಯಲ್ಲಿ ಮೊದಲು ಹಾರಿದ ಈ ವಿಮಾನವನ್ನು ಸಣ್ಣ ನಿಲ್ದಾಣಗಳನ್ನು ಕಣ್ಣ ಮುಂದಿಟ್ಟುಕೊಂಡೇ ರೂಪಿಸಿದ್ದರು. ಹತ್ತಿ ಇಳಿಯಲು ಹೊಟ್ಟೆಯ ಹಿಂಭಾಗದಲ್ಲಿ ಅದರದ್ದೇ ಮೆಟ್ಟಿಲು. ಚಕ್ರ ಮಡಚಿಕೊಳ್ಳುವ ಗೂಡಿನಲ್ಲಿ ಗ್ಯಾರೆಟ್ ಕಂಪನಿಯ ಪುಟ್ಟ ಗ್ಯಾಸ್ ಟರ್ಬೈನ್. ಅದೇ ಎಪಿಯು, ಅಂದರೆ ಆಕ್ಸಿಲರಿ ಪವರ್ ಯೂನಿಟ್. ಪ್ರಯಾಣಿಕರ ಜೆಟ್‌ನಲ್ಲಿ ಇಂಥದ್ದು ಬಂದದ್ದು ಇದೇ ಮೊದಲು. ನೆಲದ ಮೇಲೆ ಮಾತ್ರ ಓಡುತ್ತಿದ್ದ ಅದು ವಿಮಾನಕ್ಕೆ ಕರೆಂಟನ್ನೂ, ಎಂಜಿನ್ ಚಾಲೂ ಮಾಡುವ ಗಾಳಿಯನ್ನೂ ಕೊಡುತ್ತಿತ್ತು. ಆ ಗ್ಯಾರೆಟ್ ಕೈಬದಲಾಗುತ್ತ ಕೊನೆಗೆ ಹನಿವೆಲ್‌ನಲ್ಲಿ ಸೇರಿಹೋಯಿತು.

ಬಳಿಕ ಬಂದ ವಿಮಾನಗಳಲ್ಲಿ ಎಪಿಯು ಬಾಲದ ತುದಿಗೆ ಸರಿಯಿತು. ಇಂಡಿಯನ್ ಏರ್‌ಲೈನ್ಸ್ 1970ರಿಂದ ಹಾರಿಸಿದ ಬೋಯಿಂಗ್ 737-200ರಲ್ಲಿ ಅಲ್ಲೇ ಇತ್ತು, ಇಆರ್‌ಜೆ-145ರಲ್ಲೂ ಅಲ್ಲೇ ಇದೆ. ವಿಮಾನವನ್ನು ಹಿಂದಿನಿಂದ ನೋಡಿದರೆ ಬಾಲದ ಕೊನೆಯಲ್ಲಿ ಕಾಣುವ ದುಂಡು ತೂತು ಅದರ ಹೊಗೆ ಕೊಳವೆ.

ಹೊರಡುವ ಕ್ರಮ ಹೀಗೆ. ಬ್ಯಾಟರಿ ಎಪಿಯುವನ್ನು ಎಬ್ಬಿಸುತ್ತದೆ, ಎಪಿಯು ದೊಡ್ಡ ಎಂಜಿನ್ನನ್ನು ಎಬ್ಬಿಸುತ್ತದೆ. ಕಡ್ಡಿ ಗೀರಿ ಸಿಬರು ಹೊತ್ತಿಸಿ, ಸಿಬರಿನಿಂದ ಕಟ್ಟಿಗೆ ಹೊತ್ತಿಸಿದ ಹಾಗೆ. ಸೀಟಿನಲ್ಲಿ ಕೂತವರಿಗೂ ಇದು ತಿಳಿಯುತ್ತದೆ. ಬಾಗಿಲು ಹಾಕಿ ವಿಮಾನವನ್ನು ಹಿಂದಕ್ಕೆ ತಳ್ಳುವ ಹೊತ್ತಿಗೆ ತಲೆಯ ಮೇಲಿನ ತಣ್ಣನೆ ಗಾಳಿ ತಟ್ಟನೆ ನಿಲ್ಲುತ್ತದೆ. ಏರ್‌ಕಂಡಿಷನರ್‌ಗೆ ಹೋಗುತ್ತಿದ್ದ ಎಪಿಯು ಗಾಳಿ ಈಗ ಎಂಜಿನ್ ಸ್ಟಾರ್ಟರ್‌ಗೆ ತಿರುಗಿದೆ. ಸಿಎಫ್‌ಎಂ56 ಎಂಜಿನ್ನಿನ ಏರ್‌ಬಸ್ ಎ320 ಆದರೆ, ಅಧಿಕ ಒತ್ತಡದ ಕಂಪ್ರೆಸರ್ ತಿರುಗಿಸುವ ಶಾಫ್ಟಿನ ವೇಗ ಶೇಕಡ 16 ಮುಟ್ಟಿದಾಗ ಕಿಡಿ, 22ರ ಹೊತ್ತಿಗೆ ಇಂಧನ, 50ರಲ್ಲಿ ಸ್ಟಾರ್ಟರ್ ಬಿಡುಗಡೆ. ಪೈಲಟ್‌ಗಳ ಕಣ್ಣು ಅಷ್ಟು ಹೊತ್ತೂ ಹೊಗೆ ಅನಿಲದ ಉಷ್ಣತೆಯ ಮೇಲೆ. ಅದು ಮಿತಿ ಮೀರಿ ಏರತೊಡಗಿದರೆ ‘ಹಾಟ್ ಸ್ಟಾರ್ಟ್’. ಕೂಡಲೇ ಇಂಧನ ನಿಲ್ಲಿಸದಿದ್ದರೆ ಟರ್ಬೈನ್ ಅಲಗುಗಳು ಸುಟ್ಟುಹೋಗುತ್ತವೆ.

ಸಣ್ಣ ನಿಲ್ದಾಣಗಳಿಗೆ ಬರುವ ಎಟಿಆರ್ 72 ಈ ಕೆಲಸಕ್ಕೆ ಬೇರೆ ಉಪಾಯ ಕಂಡುಕೊಂಡಿದೆ. ಪ್ರೊಪೆಲ್ಲರ್ ಇರುವ ಈ ವಿಮಾನಕ್ಕೆ ಎಪಿಯು ಇಲ್ಲ. ಬಲಗಡೆ ಎಂಜಿನ್ನಿನ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ, ಒಳಗಿನ ಟರ್ಬೈನ್ ಮಾತ್ರ ಓಡಿಸಿ ಕರೆಂಟು, ಗಾಳಿ ಪಡೆಯುತ್ತಾರೆ. ಇದಕ್ಕೆ ‘ಹೋಟೆಲ್ ಮೋಡ್’ ಎನ್ನುತ್ತಾರೆ. ಪ್ರಯಾಣಿಕರು ಎಡಗಡೆಯಿಂದ ಹತ್ತುವುದರಿಂದ ಅಪಾಯವಿಲ್ಲ. ಒಂದು ಯಂತ್ರದ ಭಾರ ಉಳಿಯಿತು.

ಮೂರನೆಯ ಕುರ್ಚಿ ಖಾಲಿಯಾದದ್ದು

ಚಾಲೂ ಮಾಡುವ ಸಮಸ್ಯೆ ಬಗೆಹರಿದರೂ ಕಾವಲಿನ ಕೆಲಸ ಹಾಗೇ ಇತ್ತು. 707ರಲ್ಲೂ 1971ರಲ್ಲಿ ಏರ್ ಇಂಡಿಯಾಕ್ಕೆ ಬಂದ 747ರಲ್ಲೂ ಫ್ಲೈಟ್ ಎಂಜಿನಿಯರ್ ಕೂರುತ್ತಿದ್ದರು. ಅವರಿಲ್ಲದೆ ದೊಡ್ಡ ವಿಮಾನ ಹಾರಿಸಬಹುದೇ ಎಂದು ಅಮೆರಿಕದಲ್ಲಿ ಪೈಲಟ್ ಸಂಘಗಳಿಗೂ ಕಂಪನಿಗಳಿಗೂ ದೊಡ್ಡ ಜಟಾಪಟಿಯೇ ನಡೆಯಿತು. 1981ರಲ್ಲಿ ಅಧ್ಯಕ್ಷರು ನೇಮಿಸಿದ ಕಾರ್ಯಪಡೆ, ಇಬ್ಬರೇ ಸಾಕು, ಸುರಕ್ಷತೆಗೆ ಕುಂದಿಲ್ಲ ಎಂದಿತು. ಆ ಹೊತ್ತಿಗೆ ಪರದೆಗಳು ಸಿದ್ಧವಾಗಿದ್ದವು. ಬೋಯಿಂಗ್ 757, 767ರಲ್ಲಿ ಐಕಾಸ್, ಏರ್‌ಬಸ್ ಎ310ರಲ್ಲಿ ಇಕ್ಯಾಮ್ ಎಂಬ ವ್ಯವಸ್ಥೆ ಬಂತು. ಎಲ್ಲ ಸರಿಯಿದ್ದಾಗ ಅವು ಸುಮ್ಮನಿರುತ್ತವೆ. ಎಣ್ಣೆಯ ಒತ್ತಡ ಇಳಿದರೆ, ಕಂಪನ ಹೆಚ್ಚಿದರೆ ಮಾತ್ರ ಹೆಸರು ಹಿಡಿದು ಹೇಳುತ್ತವೆ. ಏರ್‌ಬಸ್ ಆದರೆ ಏನು ಮಾಡಬೇಕೆಂಬುದನ್ನೂ ಸಾಲಾಗಿ ತೋರಿಸುತ್ತದೆ. ಹಳೆಯ 747ರ ಕಾಕ್‌ಪಿಟ್‌ನಲ್ಲಿ 971 ದೀಪ, ಮೀಟರ್, ಸ್ವಿಚ್‌ಗಳಿದ್ದವು. 747-400ರಲ್ಲಿ ಅವು 365ಕ್ಕೆ ಇಳಿದವು.

ಇಂಧನ ಎಷ್ಟು ಬಿಡಬೇಕೆಂಬ ಲೆಕ್ಕವೂ ಕಂಪ್ಯೂಟರ್ ಪಾಲಾಯಿತು. ಫ್ಯಾಡೆಕ್ ಎನ್ನುವ ಈ ಕಂಪ್ಯೂಟರ್ ಎಂಜಿನ್ನಿಗೇ ಜೋಡಿಸಿರುತ್ತದೆ. ಅದರಲ್ಲಿ ಎರಡು ಭಾಗ, ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಪೈಲಟ್ ಲಿವರ್ ತಳ್ಳುವುದು ಒಂದು ಕೋರಿಕೆ ಮಾತ್ರ. ಎಂಜಿನ್ನಿಗೆ ಪೆಟ್ಟಾಗದಂತೆ ಅದನ್ನು ಈಡೇರಿಸುವುದು ಫ್ಯಾಡೆಕ್.

ಈ ಬದಲಾವಣೆಯ ಕಹಿ ಪಾಠವೊಂದು ಬೆಂಗಳೂರಿನಲ್ಲೇ ಸಿಕ್ಕಿತು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ಎ320, ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮುನ್ನ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ವಿಚಾರಣೆಯಲ್ಲಿ ಹೊರಬಿದ್ದ ಚಿತ್ರ ಹೀಗಿತ್ತು: ಎರಡೂ ಎಂಜಿನ್ ಸುಸ್ಥಿತಿಯಲ್ಲಿದ್ದವು, ಆದರೆ ಇಳಿಯುವಾಗ ಆರಿಸಿಕೊಂಡ ಸ್ವಯಂಚಾಲಿತ ವಿಧಾನದಿಂದಾಗಿ ತೀರಾ ಕನಿಷ್ಠ ಶಕ್ತಿಯಲ್ಲಿ ಓಡುತ್ತಿದ್ದವು. ವೇಗ ಕುಸಿಯುತ್ತಿದ್ದದ್ದು ಪೈಲಟ್‌ಗಳ ಗಮನಕ್ಕೆ ಬಂದಾಗ ತಡವಾಗಿತ್ತು. ಜೆಟ್ ಎಂಜಿನ್ ‘ಐಡಲ್’ ಎನ್ನುವ ಆ ಕನಿಷ್ಠ ಶಕ್ತಿಯಿಂದ ಪೂರ್ಣ ಶಕ್ತಿಗೆ ಏರಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ. ಎ320ರಲ್ಲಿ ಯಂತ್ರವೇ ಶಕ್ತಿ ಏರಿಳಿಸುವಾಗ ಲಿವರ್ ಜರುಗುವುದಿಲ್ಲ. ಕೈಗೆ ತಿಳಿಯದ್ದನ್ನು ಕಣ್ಣು ಬಿಡದೆ ಪರದೆಯಲ್ಲಿ ನೋಡಬೇಕು. ತರಬೇತಿಯಲ್ಲಿ ಈ ಅಭ್ಯಾಸಕ್ಕೆ ಒತ್ತು ಬಂದದ್ದರ ಹಿಂದೆ ಬೆಂಗಳೂರಿನ ಆ ಮಧ್ಯಾಹ್ನವಿದೆ.

ಬಾಲದ ಎಂಜಿನ್ ಉಳಿಸಿದ ಜೀವಗಳು

2009ರ ಜನವರಿ 15. ನ್ಯೂಯಾರ್ಕ್‌ನಿಂದ ಏರಿದ ಎ320ಗೆ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್ ಶಕ್ತಿ ಕಳೆದುಕೊಂಡವು. ಕ್ಯಾಪ್ಟನ್ ಚೆಸ್ಲಿ ಸಲನ್‌ಬರ್ಗರ್ ಕೆಲವೇ ಸೆಕೆಂಡುಗಳಲ್ಲಿ ಎಪಿಯು ಚಾಲೂ ಮಾಡಿದರು. ಚೆಕ್‌ಲಿಸ್ಟ್ ಆ ಸಾಲಿಗೆ ಬರುವವರೆಗೆ ಅವರು ಕಾಯಲಿಲ್ಲ. ಅದರಿಂದ ಕರೆಂಟು ಕಡಿಯಲಿಲ್ಲ, ವಿಮಾನದ ಕಂಪ್ಯೂಟರ್‌ಗಳು ಕೈಬಿಡಲಿಲ್ಲ. ಹಡ್ಸನ್ ನದಿಯಲ್ಲಿ ಇಳಿದ ಆ ವಿಮಾನದ 155 ಮಂದಿಯೂ ಬದುಕಿದರು.

ಎಪಿಯು ತಾನಾಗಿಯೇ ಎಚ್ಚರಗೊಳ್ಳುವ ವ್ಯವಸ್ಥೆಯೂ ಈಗಿದೆ. 2025ರ ಜೂನ್ 12ರ ಅಹಮದಾಬಾದ್ ದುರಂತದ ಪ್ರಾಥಮಿಕ ವರದಿಯಲ್ಲಿ ಅದರ ದಾಖಲೆ ಸಿಗುತ್ತದೆ. ಬೋಯಿಂಗ್ 787 ನೆಲ ಬಿಟ್ಟ ಕೂಡಲೇ ಎರಡೂ ಎಂಜಿನ್ನಿನ ಇಂಧನ ಸ್ವಿಚ್‌ಗಳು ‘ಕಟ್‌ಆಫ್’ಗೆ ಹೋಗಿ, ಬಳಿಕ ‘ರನ್’ಗೆ ಮರಳಿದವು. ಆ ನಡುವೆ ಎಪಿಯುವಿನ ಗಾಳಿ ಬಾಗಿಲು ತೆರೆದುಕೊಳ್ಳತೊಡಗಿತ್ತು. ಎಂಜಿನ್‌ಗಳು ಮತ್ತೆ ಹೊತ್ತಿಕೊಳ್ಳುವ ಯತ್ನದಲ್ಲಿದ್ದವು. ಎತ್ತರ ಸಾಲಲಿಲ್ಲ.

ನೆಲದ ಮೇಲಿನ ನಾಡಿಪರೀಕ್ಷೆ

ಫ್ಲೈಟ್ ಎಂಜಿನಿಯರ್ ಮಾಡುತ್ತಿದ್ದ ಕೆಲಸದ ಒಂದು ಪಾಲು ಪರದೆಗೆ ಹೋಯಿತು, ಇನ್ನೊಂದು ಪಾಲು ನೆಲಕ್ಕೆ ಇಳಿಯಿತು. 1978ರಲ್ಲಿ ಬಂದ ಏಕಾರ್ಸ್ ಎಂಬ ರೇಡಿಯೊ ಸಂದೇಶ ಜಾಲದಿಂದ ವಿಮಾನ ಹಾರುತ್ತಿರುವಾಗಲೇ ಎಂಜಿನ್ ವಿವರ ಕಳಿಸುವುದು ಸಾಧ್ಯವಾಯಿತು. ಎಂಜಿನಿಯರ್‌ಗಳು ಮುಖ್ಯವಾಗಿ ನೋಡುವುದು ಟೇಕ್‌ಆಫ್ ಹೊತ್ತಿನ ಉಷ್ಣತೆಗೂ ಎಂಜಿನ್ ತಾಳಬಲ್ಲ ಗರಿಷ್ಠ ಉಷ್ಣತೆಗೂ ಇರುವ ಅಂತರವನ್ನು. ಕಂಪ್ರೆಸರ್‌ಗೆ ಧೂಳು ಮೆತ್ತಿದರೆ, ಅಲಗುಗಳ ತುದಿ ಸವೆದರೆ ಅಷ್ಟೇ ಶಕ್ತಿಗೆ ಹೆಚ್ಚು ಬಿಸಿ ಬೇಕಾಗುತ್ತದೆ, ಅಂತರ ಕುಗ್ಗುತ್ತದೆ. ಆಗ ನೀರು ಹಾಯಿಸಿ ಒಳಗೆ ತೊಳೆಯುತ್ತಾರೆ. ಬೋರ್‌ಸ್ಕೋಪ್ ಕ್ಯಾಮೆರಾ ತೂರಿಸಿ ಅಲಗು ಅಲಗನ್ನೂ ನೋಡುತ್ತಾರೆ. ಅಂತರ ಮುಗಿದರೆ ಎಂಜಿನ್ ಇಳಿಸುತ್ತಾರೆ. ಎಣ್ಣೆಯ ದಾರಿಯಲ್ಲಿ ಕೂತ ಆಯಸ್ಕಾಂತದ ಮೊಳೆಗೆ ಲೋಹದ ಚೂರು ಅಂಟಿದ್ದರೆ ಎಲ್ಲೋ ಬೇರಿಂಗ್ ಸವೆಯುತ್ತಿದೆ ಎಂದರ್ಥ.

ವಿಮಾನ, ಎಂಜಿನ್‌ಗಳ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಸೋಲಾಪುರದಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಅದೇ ಇಂದಿನ ಎಚ್‌ಎಎಲ್. 1957ರಲ್ಲಿ ಅಲ್ಲಿ ಆರ್ಫಿಯಸ್ ಜೆಟ್ ಎಂಜಿನ್ನಿನ ಕಾರ್ಖಾನೆ ತಲೆಯೆತ್ತಿತು. ತೇಜಸ್ ಯುದ್ಧವಿಮಾನದ ದೊಡ್ಡ ಎಂಜಿನ್ನನ್ನು ಎಬ್ಬಿಸುವ ಪುಟ್ಟ ಟರ್ಬೈನ್ ಜಿಟಿಎಸ್‌ಯು-110 ಕೂಡ ಎಚ್‌ಎಎಲ್‌ನ ಬೆಂಗಳೂರು ಸಂಶೋಧನಾ ಕೇಂದ್ರದ್ದೇ ಕೂಸು. ಸಾಂಗ್ಲಿ–ಮಿರಜ ರಸ್ತೆಯ ವಿಶ್ರಾಮಬಾಗ್‌ನಲ್ಲಿ 1947ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು ಇಂದು ಹೊತ್ತಿರುವ ಹೆಸರು ಅದೇ ವಾಲಚಂದರದ್ದು.

ಸಾಂಗ್ಲಿಗೂ ಒಂದು ವಿಮಾನ ನಿಲ್ದಾಣ ಬೇಕೆಂಬ ಮಾತು ಬಂದಾಗಲೆಲ್ಲ ಕವಲಾಪುರದ ಹಳೆಯ ಏರ್‌ಸ್ಟ್ರಿಪ್‌ನ ನೆನಪಾಗುತ್ತದೆ. ಚರ್ಚೆ ಜಮೀನಿನ ಅಳತೆಯ ಸುತ್ತಲೇ ನಡೆಯುತ್ತದೆ. ಜೆಟ್ ಬರುವುದಾದರೆ ಅದನ್ನು ಪರೀಕ್ಷಿಸಿ, ಹಾರಲು ಯೋಗ್ಯ ಎಂದು ಸಹಿ ಹಾಕುವ ವಿಮಾನ ನಿರ್ವಹಣಾ ಎಂಜಿನಿಯರ್‌ಗಳೂ ಬೇಕು. ಅದಕ್ಕೆಂದೇ ಇರುವ ಕೋರ್ಸಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ್ದರೆ ಸೇರಬಹುದು. ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ನಡೆಸುವ ಪರೀಕ್ಷೆಗಳನ್ನು ಪಾಸು ಮಾಡಿ, ಹ್ಯಾಂಗರ್‌ನಲ್ಲಿ ಕೈಕೆಲಸದ ಅನುಭವ ಪಡೆದವರಿಗೆ ಲೈಸೆನ್ಸ್. ಎಂಜಿನ್, ಎಪಿಯು ಕಡೆ ಒಲವಿದ್ದರೆ ಬಿ1 ವಿಭಾಗ, ಎಲೆಕ್ಟ್ರಾನಿಕ್ಸ್ ಕಡೆ ಇದ್ದರೆ ಬಿ2. ಆಮೇಲೂ ಆಯಾ ಮಾದರಿಯ ವಿಮಾನಕ್ಕೆ, ಅದರ ಎಂಜಿನ್ನಿಗೆ ಪ್ರತ್ಯೇಕ ತರಬೇತಿ ಆಗಬೇಕು. ಜತ್ತ, ಮಿರಜ, ಅಥಣಿ ಕಡೆಯ ಮಕ್ಕಳಿಗೆ ಡಾಕ್ಟರ್, ಸಾಫ್ಟ್‌ವೇರ್ ದಾರಿಗಳನ್ನು ತೋರಿಸುವ ಮೇಷ್ಟ್ರುಗಳು ಈ ದಾರಿಯನ್ನೂ ಹೇಳಬೇಕು. ಉಜಳಾಯಿವಾಡಿ, ಸಾಂಬ್ರಾ, ಹುಬ್ಬಳ್ಳಿಗಳಲ್ಲಿ ಇಳಿಯುವ ವಿಮಾನಗಳು ಹೆಚ್ಚಿದಂತೆ ಇಂಥ ಕೈಗಳ ಅಗತ್ಯವೂ ಹೆಚ್ಚುತ್ತದೆ.